ಹಪ್ಪಳದ ಕಟ್ಟಿಗೆ ನಾಲ್ಕು ದಾರಿ: ಅಂಚೆ, ಕೊರಿಯರ್, ರಾತ್ರಿ ಬಸ್ಸು, ಆನ್‌ಲೈನ್ ಮಳಿಗೆ

ನಮ್ಮ ಮನೆಯ ಜಗಲಿಯ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇದೆ. ಮನೆಯವರು ಅದಕ್ಕೆ ‘ತವರು ಪೆಟ್ಟಿಗೆ’ ಎಂದು ಹೆಸರಿಟ್ಟಿದ್ದಾರೆ. ಕಳಿಸಿದ ಮಾಲು ಯಾವುದೋ ಊರಿನ ಬಾಗಿಲು ನೋಡಿ, ಅಲ್ಲಿ ಸಲ್ಲದೆ, ಮುಖ ಊದಿಸಿಕೊಂಡು ತಿರುಗಿ ಬಂದರೆ ಅದರೊಳಗೆ ಹೋಗುತ್ತದೆ. ಶಿರಸಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕುಳಿತು ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿ ಪುಡಿ, ಆಲೆಮನೆಯ ಕಾಲದಲ್ಲಿ ತೊಡೆದೇವು ಎಂಬ ತೆಳು ಸಿಹಿತಿಂಡಿ ಮಾರಲು ಹಿಡಿದು ಐದು ವರ್ಷವಾಯಿತು. ಯಾವ ದಾರಿ ಅಗ್ಗ ಎಂದು ಕೇಳಿಕೊಂಡು ಬರುವ ಹೆಂಗಸರಿಗೆ ನಾನು ಮೊದಲು ತೋರಿಸುವುದು ಈ ಪೆಟ್ಟಿಗೆಯನ್ನೇ. ಕಳಿಸುವ ಖರ್ಚು ರಸೀದಿಯಲ್ಲಿ ಅಚ್ಚಾಗಿರುತ್ತದೆ. ತಿರುಗಿ ಬರುವ ಖರ್ಚನ್ನು ಯಾರೂ ಬರೆದುಕೊಡುವುದಿಲ್ಲ.

ಮೊದಲೆರಡು ವರ್ಷ ಕೈಗೆ ಸಿಕ್ಕಿದ ದಾರಿಯಲ್ಲಿ ಕಳಿಸುತ್ತಿದ್ದೆ. ಯಾರಾದರೂ ಶಿರಸಿ ಪೇಟೆಗೆ ಹೊರಟರೆ ಅವರ ಕೈಯಲ್ಲಿ ಕೊರಿಯರ್, ಇಲ್ಲದಿದ್ದರೆ ಅಂಚೆ. 2024ರ ದೀಪಾವಳಿ ಮುಗಿದ ಮೇಲೆ ಒಂದು ಸಲ ಸರಿಯಾಗಿ ತೂಗಿ ನೋಡೋಣ ಎನ್ನಿಸಿತು. ಒಂದೇ ಅಳತೆಯ ಪೆಟ್ಟಿಗೆಗಳನ್ನು ಕಟ್ಟಿದೆ. ಒಂದೊಂದರಲ್ಲೂ 50 ಹಪ್ಪಳ, ಕಾಲು ಕಿಲೋ ಚಟ್ನಿ ಪುಡಿ, ಅರ್ಧ ಕಿಲೋ ಮಿಡಿ ಉಪ್ಪಿನಕಾಯಿ. ವಿಳಾಸಗಳು ಮೂರು: ಬೆಂಗಳೂರಿನ ವಿಜಯನಗರದಲ್ಲಿರುವ ನಾದಿನಿ, ಮುಂಬೈ ಪಕ್ಕದ ಡೊಂಬಿವಲಿಯಲ್ಲಿರುವ ತಮ್ಮ, ಕೊಪ್ಪ ತಾಲ್ಲೂಕಿನ ಹಳ್ಳಿಯಲ್ಲಿರುವ ಹಳೆಯ ಗೆಳತಿ. ಯಾರಿಗೂ ಮೊದಲೇ ತಿಳಿಸಲಿಲ್ಲ. ನಾದಿನಿ ಮಾತ್ರ ಮೂರನೆಯ ಪೆಟ್ಟಿಗೆ ಬಂದಾಗ ಫೋನ್ ಮಾಡಿ, “ಅತ್ತಿಗೆ, ಮನೆಯಲ್ಲಿ ಏನಾದರೂ ಕಾರ್ಯಕ್ರಮ ಇದೆಯೇ? ನನಗೆ ಹೇಳಲು ಮರೆತಿರಾ?” ಎಂದು ಗಾಬರಿಪಟ್ಟಳು.

ಅಂಚೆಯಿಂದ ಶುರುಮಾಡುತ್ತೇನೆ. ನಮ್ಮ ಶಾಖಾ ಅಂಚೆ ಕಚೇರಿ ಮನೆಯಿಂದ ಎರಡು ಕಿಲೋಮೀಟರ್, ಗದ್ದೆ ಬದುವಿನ ಮೇಲೆ ನಡೆದರೆ ಇನ್ನೂ ಹತ್ತಿರ. ದೇಶದಲ್ಲಿ 1,60,000ಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ, ಹತ್ತರಲ್ಲಿ ಒಂಬತ್ತು ಹಳ್ಳಿಗಳಲ್ಲೇ ಇವೆ. ಈ ಲೆಕ್ಕದ ಅರ್ಥ ನನಗೆ ಆದದ್ದು ಕೊಪ್ಪದ ಗೆಳತಿಯ ಪೆಟ್ಟಿಗೆಯಿಂದ. ಅವಳ ಮನೆ ರಸ್ತೆಯಿಂದ ಒಳಗೆ, ಕಾಫಿ ತೋಟದ ಕೊನೆಯಲ್ಲಿ. ನಾಲ್ಕನೆಯ ದಿನ ಪೋಸ್ಟ್‌ಮ್ಯಾನ್ ಅದನ್ನು ಅವಳ ಮನೆಯ ಅಂಗಳಕ್ಕೇ ಒಯ್ದು ಕೊಟ್ಟ, ಮಜ್ಜಿಗೆ ಕುಡಿದು ಹೋದ. ಅದೇ ಮನೆಗೆ ಹೊರಟ ಕೊರಿಯರ್ ಪೆಟ್ಟಿಗೆ ಕೊಪ್ಪ ಪೇಟೆಯಲ್ಲಿ ನಿಂತಿತು. “ನಿಮ್ಮ ಕಡೆಗೆ ನಮ್ಮ ಗಾಡಿ ಬರುವುದಿಲ್ಲ, ಬಂದು ತೆಗೆದುಕೊಂಡು ಹೋಗಿ” ಎಂದು ಅವಳಿಗೆ ಫೋನ್ ಬಂತು. ₹500ರ ಮಾಲಿಗೆ ಅವಳು ಹದಿನಾಲ್ಕು ಕಿಲೋಮೀಟರ್ ಹೋಗಿ ಬರಬೇಕಾಯಿತು. ಗೆಳತಿಯಾದ್ದರಿಂದ ಹೋದಳು. ಗಿರಾಕಿಯಾಗಿದ್ದರೆ ಪೆಟ್ಟಿಗೆ ಒಂದು ವಾರ ಅಲ್ಲಿದ್ದು ನನ್ನ ಜಗಲಿಗೆ ಬರುತ್ತಿತ್ತು.

ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಐವತ್ತು ವರ್ಷ ಕಳೆದರೂ ನನ್ನ ಗಿರಾಕಿಗಳಲ್ಲಿ ಮೂರರಲ್ಲಿ ಒಬ್ಬರು ವಾಟ್ಸ್‌ಆ್ಯಪ್‌ನಲ್ಲಿ ವಿಳಾಸ ಕಳಿಸುವಾಗ ಅದನ್ನೇ ಬಿಟ್ಟಿರುತ್ತಾರೆ. “ಗಣಪತಿ ದೇವಸ್ಥಾನದ ಎದುರು, ಹಸಿರು ಗೇಟು” ಎಂದಷ್ಟೇ ಬರೆದ ಪುಣ್ಯಾತ್ಮರಿದ್ದಾರೆ. ಆರು ಅಂಕಿ ಸರಿಯಿದ್ದರೆ ಉಳಿದದ್ದನ್ನು ಹಳ್ಳಿಯ ಪೋಸ್ಟ್‌ಮ್ಯಾನ್ ಊಹಿಸುತ್ತಾನೆ. ಅಂಕಿ ತಪ್ಪಿದರೆ ಯಾವ ದಾರಿಯೂ ಕಾಯುವುದಿಲ್ಲ. ಹಾಗಾಗಿ ಪಿನ್ ಮತ್ತು ಫೋನ್ ನಂಬರ್ ಬರುವತನಕ ನಾನು ದುಡ್ಡನ್ನೇ ತೆಗೆದುಕೊಳ್ಳುವುದಿಲ್ಲ.

ಅಂಚೆಯಲ್ಲಿ ಒಗ್ಗಿಸಿಕೊಳ್ಳಬೇಕಾದ ಸಂಗತಿ ಟಪಾಲು ಚೀಲದ ಹೊತ್ತು. ನಮ್ಮ ಶಾಖೆಯಿಂದ ಚೀಲ ಹೊರಡುವುದು ದಿನಕ್ಕೆ ಒಂದೇ ಸಲ. ಚೀಲ ಕಟ್ಟಿದ ಮೇಲೆ ಹೋದರೆ ಪೆಟ್ಟಿಗೆಗೆ ನಾಳೆಯೇ ಗತಿ. ಶುಕ್ರವಾರ, ಶನಿವಾರ ಕಳಿಸುವುದನ್ನು ನಾನು ಬಿಟ್ಟೇಬಿಟ್ಟೆ, ಭಾನುವಾರ ದಾರಿಯಲ್ಲಿ ಕಳೆಯುವುದು ಹಪ್ಪಳಕ್ಕಾದರೆ ಪರವಾಗಿಲ್ಲ, ತೊಡೆದೇವಿಗೆ ಆಗದು. ಈಗ ಸೋಮವಾರ ಮತ್ತು ಬುಧವಾರ ನನ್ನ ಟಪಾಲಿನ ದಿನಗಳು. ಇನ್ನೊಂದು ಮಾತು: 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದೆ, ಅಕ್ಟೋಬರ್‌ನಿಂದ ಸ್ಪೀಡ್ ಪೋಸ್ಟ್ ದರವೂ ಪರಿಷ್ಕಾರವಾಗಿದೆ. ಆದ್ದರಿಂದ ನನ್ನ 2024ರ ರಸೀದಿಯ ಅಂಕಿಗಳನ್ನು ಇಲ್ಲಿ ಬರೆದು ನಿಮ್ಮನ್ನು ದಾರಿ ತಪ್ಪಿಸುವುದಿಲ್ಲ. ಆಗ ಬೆಂಗಳೂರಿಗೆ ಅಂಚೆಗೆ ನಾನು ಕೊಟ್ಟದ್ದರ ಒಂದೂವರೆಪಟ್ಟನ್ನು ಕೊರಿಯರ್‌ಗೆ ಕೊಟ್ಟೆ, ಅರ್ಧವನ್ನು ಬಸ್ಸಿಗೆ ಕೊಟ್ಟೆ ಎಂಬಷ್ಟು ಹೇಳಬಲ್ಲೆ.

ಅಂಚೆಯಲ್ಲಿ ಆದ ದೊಡ್ಡ ಎಡವಟ್ಟು ಪೂರ್ತಿ ನನ್ನದು. ನಮ್ಮ ಮಿಡಿ ಉಪ್ಪಿನಕಾಯಿ ಎಣ್ಣೆಯದಲ್ಲ, ಉಪ್ಪುನೀರಿನದು. ಬಾಟಲಿಯ ಮುಚ್ಚಳವನ್ನು ಕೈ ನೋಯುವಷ್ಟು ತಿರುಗಿಸಿ, ಮೇಲೊಂದು ಪ್ಲಾಸ್ಟಿಕ್ ಕೊಟ್ಟೆ ಕಟ್ಟಿದರೆ ಸಾಕು ಎಂದುಕೊಂಡಿದ್ದೆ. ಪೋಸ್ಟ್ ಮಾಸ್ಟರ್ ಪೆಟ್ಟಿಗೆಯನ್ನು ತಕ್ಕಡಿಯ ಮೇಲಿಟ್ಟು, ಬೆರಳನ್ನು ಮೂಗಿಗೆ ಹಿಡಿದು, “ಅಕ್ಕಾ, ಇದೇ ಚೀಲದಲ್ಲಿ ಯಾರದ್ದೋ ಕೋರ್ಟು ಕಾಗದ ಇರುತ್ತದೆ, ಯಾರದ್ದೋ ಮದುವೆಯ ಕರೆಯೋಲೆ ಇರುತ್ತದೆ” ಎಂದು ಹಿಂದಕ್ಕೆ ತಳ್ಳಿದರು. ಸಿಟ್ಟು ಬಂತು, ಆದರೆ ಎದುರಾಡಲು ಮಾತಿರಲಿಲ್ಲ. ಆಮೇಲೆ ಬಾಟಲಿಯ ಬಾಯಿಗೆ ಹಾಳೆಯಂತೆ ಅಂಟಿಕೊಳ್ಳುವ ಅಲ್ಯುಮಿನಿಯಂ ಸೀಲು ಹಾಕುವ ಸಣ್ಣ ಕೈಯಂತ್ರ ತರಿಸಿದೆ. ಈ ಐದು ವರ್ಷಗಳಲ್ಲಿ ನಾನು ಹಾಕಿದ ಬಂಡವಾಳದಲ್ಲಿ ಇಷ್ಟು ಬೇಗ ತನ್ನ ಬೆಲೆ ತೀರಿಸಿದ್ದು ಬೇರೊಂದಿಲ್ಲ. ಉಪ್ಪಿನಕಾಯಿ ಮಾರುವವರು ಲೇಬಲ್ಲಿನ ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳುವ ಮೊದಲು ಈ ಯಂತ್ರ ಕೊಳ್ಳಲಿ.

ಕೊರಿಯರ್‌ಗೆ ಬಂದರೆ, ಊರಿಂದೂರಿಗೆ ಅದರಷ್ಟು ಚುರುಕು ಇನ್ನೊಂದಿಲ್ಲ ಎಂಬುದನ್ನು ಒಪ್ಪಬೇಕು. ವಿಜಯನಗರಕ್ಕೆ ಎರಡನೆಯ ದಿನ, ಡೊಂಬಿವಲಿಗೆ ಮೂರನೆಯ ದಿನ ತಲುಪಿತು. ಪೆಟ್ಟಿಗೆ ಈಗ ಎಲ್ಲಿದೆ ಎಂದು ಮೊಬೈಲಿಗೆ ಸಂದೇಶವೂ ಬರುತ್ತಿತ್ತು. ಆದರೆ ಅವರ ಹುಡುಗ ನಮ್ಮ ಹಳ್ಳಿಗೆ ಬಂದು ಪೆಟ್ಟಿಗೆ ಒಯ್ಯುವುದಿಲ್ಲ, ನಾನೇ ಶಿರಸಿಗೆ ಹೋಗಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ನನಗೆ ಟಿಕೆಟಿನ ದುಡ್ಡು ಉಳಿಯಿತು, ನಿಜ. ಅರ್ಧ ದಿನವನ್ನು ಮಾತ್ರ ಯಾವ ಯೋಜನೆಯೂ ಮರಳಿಸುವುದಿಲ್ಲ.

ಕೊರಿಯರ್‌ನವರು ನನಗೆ ಕಲಿಸಿದ ಪಾಠ ಬೇರೆ, ಅದು ಗಾಳಿಯ ತೂಕ. ಹಪ್ಪಳ ಒಡೆಯಬಾರದೆಂದು ದೊಡ್ಡ ಪೆಟ್ಟಿಗೆಯಲ್ಲಿ ಸುತ್ತಲೂ ಹಳೆಯ ಪತ್ರಿಕೆ ತುರುಕಿ ಒಯ್ದಿದ್ದೆ. ತಕ್ಕಡಿ 1.2 ಕಿಲೋ ಎಂದಿತು, ಬಿಲ್ಲು 3 ಕಿಲೋ ಎಂದಿತು. ಜಗಳಕ್ಕೇ ನಿಂತೆ. ಕೌಂಟರಿನ ಹುಡುಗ ಅಳತೆಪಟ್ಟಿ ತೆಗೆದು ಲೆಕ್ಕ ತೋರಿಸಿದ: ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಬೇಕು. 30, 25, 20ನ್ನು ಗುಣಿಸಿದರೆ 15,000, ಭಾಗಿಸಿದರೆ 3. ತಕ್ಕಡಿಯ ತೂಕ, ಈ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಅಂದರೆ ನಾನು ಸುಮಾರು ಎರಡು ಕಿಲೋ ಶಿರಸಿಯ ಗಾಳಿಯನ್ನು ಮುಂಬೈಗೆ ಬಾಡಿಗೆ ಕೊಟ್ಟು ಕಳಿಸುತ್ತಿದ್ದೆ.

ಮನೆಗೆ ಬಂದು ಅತ್ತೆಯವರ ಹತ್ತಿರ ಈ ಗೋಳು ಹೇಳಿಕೊಂಡೆ. ಅವರು ಎದ್ದು ಹೋಗಿ ಅಟ್ಟದಿಂದ ಒಣಗಿದ ಅಡಿಕೆ ಹಾಳೆ ಎರಡು ತಂದರು. ಹಪ್ಪಳವನ್ನು ಒಂದರ ಮೇಲೊಂದು ಬಿಗಿಯಾಗಿ ಪೇರಿಸಿ, ಮೇಲೊಂದು ಕೆಳಗೊಂದು ಹಾಳೆಯ ಬಿಲ್ಲೆ ಇಟ್ಟು, ಬಾಳೆನಾರಿನಲ್ಲಿ ಕಟ್ಟಿ ನೆಲಕ್ಕೆ ಬೀಳಿಸಿದರು. ಒಂದೂ ಒಡೆಯಲಿಲ್ಲ. ಹಿಂದೆ ಹೊನ್ನಾವರದ ನೆಂಟರಿಗೆ ಘಟ್ಟ ಇಳಿಸಿ ಕಳಿಸುವಾಗ ಹೀಗೆಯೇ ಕಟ್ಟುತ್ತಿದ್ದರಂತೆ. ಹಪ್ಪಳ ಒಡೆಯುವುದು ಪೆಟ್ಟು ಬಿದ್ದಾಗಲ್ಲ, ಒಳಗೆ ಅಲುಗಾಡಿದಾಗ ಎಂಬುದು ಅವರ ಅನುಭವ. ಈಗ ನನ್ನ ಪೆಟ್ಟಿಗೆ 20, 20, 15ರ ಅಳತೆಯದು, ಗುಣಿಸಿ ಭಾಗಿಸಿದರೆ 1.2 ಕಿಲೋ. ತಕ್ಕಡಿಯೂ ಬಿಲ್ಲೂ ರಾಜಿಯಾದವು. ಮಳೆಗಾಲದಲ್ಲಿ ಮಾತ್ರ ಹಾಳೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸದೆ ಬಳಸಬೇಡಿ. ಬೂಷ್ಟು ಹಾಳೆಯಿಂದ ಹಪ್ಪಳಕ್ಕೆ ಎರಡೇ ದಿನದಲ್ಲಿ ಹತ್ತುತ್ತದೆ.

ರಾತ್ರಿ ಬಸ್ಸಿನ ವಿಷಯ ಬೇಗ ಮುಗಿಯುತ್ತದೆ. ಸಂಜೆ ಶಿರಸಿಯಲ್ಲಿ ಹೇರಿದರೆ ಬೆಳಗಿನ ಜಾವ ಬೆಂಗಳೂರು. ಖಾಸಗಿ ಬಸ್ಸುಗಳು ಮೊದಲಿನಿಂದಲೂ ಒಯ್ಯುತ್ತಿದ್ದವು, ಸಾರಿಗೆ ಸಂಸ್ಥೆಯ ‘ನಮ್ಮ ಕಾರ್ಗೋ’ 2021ರಲ್ಲಿ ಶುರುವಾಯಿತು. ಅಗ್ಗವೂ ಹೌದು, ಬೇಗವೂ ಹೌದು. ಆದರೆ ಬೆಳಿಗ್ಗೆ ಹೋಗಿ ಇಳಿಸಿಕೊಳ್ಳುವವರು ಬೇಕು. ವಿಜಯನಗರದ ನಾದಿನಿ ಆಟೋಗೆ ಕೊಟ್ಟ ದುಡ್ಡು ನನ್ನ ಬಸ್ಸಿನ ಬಾಡಿಗೆಗಿಂತ ಹೆಚ್ಚು. ಒಂದು ಪೆಟ್ಟಿಗೆಗೆ ಇದು ಹೊಂದುವುದಿಲ್ಲ. ಆದರೆ ಬೆಂಗಳೂರಿನ ಒಂದೇ ಅಪಾರ್ಟ್‌ಮೆಂಟಿನ ಹತ್ತು ಮನೆಯವರು ಸೇರಿ ಹಬ್ಬಕ್ಕೆ ತರಿಸಿಕೊಂಡಾಗ, ಒಬ್ಬರು ಹೋಗಿ ಒಂದು ಚೀಲ ಇಳಿಸಿಕೊಂಡು ಬಂದು ಹಂಚುತ್ತಾರಲ್ಲ, ಆಗ ಇದಕ್ಕೆ ಸಾಟಿಯಿಲ್ಲ. ಒಂದೇ ದಿನದಲ್ಲಿ ತಲುಪಬೇಕಾದ ತೊಡೆದೇವನ್ನು ನಾನು ಬಸ್ಸಿಗಲ್ಲದೆ ಬೇರೆ ಯಾವುದಕ್ಕೂ ಒಪ್ಪಿಸುವುದಿಲ್ಲ. ಅದಕ್ಕೆ ಕೈ ತಾಗಿದರೂ ಪುಡಿ, ಗಾಳಿ ತಾಗಿದರೂ ಮೆತ್ತಗೆ.

ಇನ್ನು ಆನ್‌ಲೈನ್ ಮಳಿಗೆ. ತವರು ಪೆಟ್ಟಿಗೆ ತುಂಬಿದ್ದು ಇದರಿಂದಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

ದೊಡ್ಡ ಮಳಿಗೆಯೊಂದರಲ್ಲಿ ಹೆಸರು ನೋಂದಾಯಿಸಿದರೆ ದೇಶದ ಮೂಲೆಮೂಲೆಯಿಂದ ಬೇಡಿಕೆ ಬರುತ್ತದೆ ಎಂದು ಮಗ ಹುರಿದುಂಬಿಸಿದ. ಬಂತು ಕೂಡ. ಮೊದಲ ತಿಂಗಳಿನಲ್ಲೇ ನಾನು ಹೆಸರೂ ಕೇಳದ ಊರುಗಳಿಂದ ಉಪ್ಪಿನಕಾಯಿಗೆ ಕರೆ ಬಂತು. ಇದಕ್ಕೂ ಮೊದಲು ಕಾಗದಪತ್ರದ ಕೆಲಸವಿತ್ತು. ಆಹಾರ ಸುರಕ್ಷತೆಯ ನೋಂದಣಿ ನನ್ನ ಹತ್ತಿರ ಮೊದಲೇ ಇತ್ತು. ನಾನು ಮಾಡಿಸಿದಾಗ ವರ್ಷಕ್ಕೆ ₹12 ಲಕ್ಷದೊಳಗೆ ವಹಿವಾಟಿದ್ದವರಿಗೆ ಶುಲ್ಕ ವರ್ಷಕ್ಕೆ ₹100, ಸಿಗುವುದು 14 ಅಂಕಿಯ ಒಂದು ಸಂಖ್ಯೆ. ಅದನ್ನು ಮನೆಯಿಂದ ಮಾರುವವರೂ ಮಾಡಿಸಲೇಬೇಕು, “ನಾವು ಸಣ್ಣವರು” ಎನ್ನುವ ನೆಪ ನಡೆಯುವುದಿಲ್ಲ. ತಲೆ ತಿರುಗಿಸಿದ್ದು ಜಿಎಸ್‌ಟಿ. 2023ರ ಅಕ್ಟೋಬರ್‌ನಿಂದ ರಾಜ್ಯದೊಳಗೆ ಮಾತ್ರ ಆನ್‌ಲೈನ್ ಮಳಿಗೆಯ ಮೂಲಕ ಮಾರುವ ಸಣ್ಣ ವ್ಯಾಪಾರಿಗಳಿಗೆ ನೋಂದಣಿಯಿಂದ ವಿನಾಯಿತಿ ಇದೆ. ರಾಜ್ಯದ ಗಡಿ ದಾಟಿದರೆ ಇಲ್ಲ. ಇದರಲ್ಲೂ ಒಂದು ಸ್ವಾರಸ್ಯ: ಹಪ್ಪಳಕ್ಕೆ ತೆರಿಗೆಯೇ ಇಲ್ಲ, ಬರೀ ಹಪ್ಪಳ ಮಾರುವವಳಿಗೆ ನೋಂದಣಿಯೂ ಬೇಡ. ಉಪ್ಪಿನಕಾಯಿಗೆ ತೆರಿಗೆ ಇದೆ. ಶಿರಸಿಯಲ್ಲಿ ನಮ್ಮ ಲೆಕ್ಕ ನೋಡುವವರು ನಕ್ಕು, “ನಿಮ್ಮ ಹಪ್ಪಳ ಬೆಳಗಾವಿ ದಾಟಿ ಆರಾಮವಾಗಿ ಹೋಗಬಹುದು, ಉಪ್ಪಿನಕಾಯಿಗೆ ಮಾತ್ರ ಪಾಸ್‌ಪೋರ್ಟ್ ಬೇಕು” ಎಂದರು. ಪಾಸ್‌ಪೋರ್ಟ್ ಮಾಡಿಸಿದೆ. ಡೊಂಬಿವಲಿಯ ಕನ್ನಡಿಗರಿಗೆ ಉಪ್ಪಿನಕಾಯಿ ಮಾರಬೇಕಿದ್ದರೆ ಅದು ಹೇಗೂ ಬೇಕಿತ್ತು.

ಈಗ ಒಂದು ಬಾಟಲಿಯ ಲೆಕ್ಕ. ಅರ್ಧ ಕಿಲೋ ಮಿಡಿ ಉಪ್ಪಿನಕಾಯಿಗೆ ಮಳಿಗೆಯಲ್ಲಿ ನಾನು ಹಾಕಿದ ಬೆಲೆ ₹300. ಅದರಲ್ಲಿ ಮಳಿಗೆಯ ದಲ್ಲಾಳಿ ಹಣ, ಪ್ರತಿ ಬೇಡಿಕೆಗೂ ಹಿಡಿಯುವ ಒಂದು ಶುಲ್ಕ, ಸಾಗಣೆ ವೆಚ್ಚ, ಈ ಮೂರರ ಮೇಲೂ 18% ತೆರಿಗೆ, ಇವೆಲ್ಲ ಕಳೆದು ನನ್ನ ಖಾತೆಗೆ ಬಂದದ್ದು ₹169. ಮಿಡಿ, ಮೆಣಸು, ಸಾಸಿವೆ, ಬಾಟಲಿ, ಸೀಲು, ಪೆಟ್ಟಿಗೆ ಸೇರಿ ನನಗೆ ಬೀಳುವ ಖರ್ಚು ₹130. ಉಳಿದ ₹39ರಲ್ಲಿ ನಾನು ಕಟ್ಟಬೇಕಾದ ತೆರಿಗೆಯೂ ಇದೆ, ಮಿಡಿ ತೊಟ್ಟು ಮುರಿದು ಕೊಡುವ ಪಕ್ಕದ ಮನೆಯವಳ ಕೂಲಿಯೂ ಇದೆ. ಅದೇ ಬಾಟಲಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಗೊತ್ತಿರುವವರಿಗೆ ₹240ಕ್ಕೆ ಮಾರಿ, ಅಂಚೆ ವೆಚ್ಚವನ್ನು ಬೇರೆಯಾಗಿ ತೆಗೆದುಕೊಂಡರೆ ಎರಡುಪಟ್ಟಿಗಿಂತ ಹೆಚ್ಚು ಉಳಿಯುತ್ತದೆ.

ಇದು ಬಾಟಲಿ ತಲುಪಿ, ಗಿರಾಕಿ ಅದನ್ನು ಇಟ್ಟುಕೊಂಡಾಗಿನ ಲೆಕ್ಕ. ಆಹಾರ ಪದಾರ್ಥ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಆ ಮಳಿಗೆಯ ನಿಯಮದಲ್ಲೇ ಇತ್ತು. ಆದರೆ ‘ತಲುಪಿದ ಮೇಲೆ ಹಣ’ ಎಂಬ ಇನ್ನೊಂದು ಬಾಗಿಲು ತೆರೆದೇ ಇತ್ತು. ಪೆಟ್ಟಿಗೆ ಬಾಗಿಲಿಗೆ ಬಂದಾಗ ಮನೆಯಲ್ಲಿ ಇಲ್ಲ, ಚಿಲ್ಲರೆ ಇಲ್ಲ, ಮಗ ಸುಮ್ಮನೆ ಒತ್ತಿಬಿಟ್ಟಿದ್ದ, ಇಂಥವೇ ಕಾರಣಗಳು. ಮೂರು ತಿಂಗಳಲ್ಲಿ ಕಳಿಸಿದ 64 ಬಾಟಲಿಗಳಲ್ಲಿ 13 ತಿರುಗಿ ಬಂದವು. ಮೂರು ವಾರ ಗೋದಾಮು ಸುತ್ತಿ ಬಂದ ಬಾಟಲಿಯನ್ನು ಇನ್ನೊಬ್ಬರಿಗೆ ಮಾರಲು ನನ್ನ ಮನಸ್ಸು ಒಪ್ಪುವುದಿಲ್ಲ. ಒಂದೆರಡಂತೂ ಸೀಲು ಒಡೆದು, ಯಾರೋ ರುಚಿ ನೋಡಿದ ಗುರುತಿನ ಸಮೇತ ಬಂದಿದ್ದವು. ದೂರು ಬರೆದೆ. ನಿಮ್ಮ ಅನುಭವಕ್ಕಾಗಿ ವಿಷಾದಿಸುತ್ತೇವೆ ಎಂಬ ಒಂದೇ ಉತ್ತರ ನಾಲ್ಕು ಸಲ ಬಂತು, ನಾಲ್ಕು ಸಲವೂ ಬೇರೆ ಬೇರೆ ಹೆಸರಿನಿಂದ.

ಆ ಹದಿಮೂರರ ನಷ್ಟ ಉಳಿದ ಐವತ್ತೊಂದರ ಲಾಭವನ್ನು ಪೂರ್ತಿ ನುಂಗಿ, ಇನ್ನೂ ಸ್ವಲ್ಪ ಕೈಯಿಂದ ತೆಗೆಸಿತು.

ಮಾವ ಇದನ್ನೆಲ್ಲ ಕೇಳಿಸಿಕೊಂಡು, “ಇದು ನಮ್ಮ ಕಾಲದ ವಿ.ಪಿ. ಅಲ್ಲವೇ?” ಎಂದರು. ವ್ಯಾಲ್ಯೂ ಪೇಯಬಲ್ ಪೋಸ್ಟ್, ಅಂದರೆ ಪಾರ್ಸೆಲ್ ಕೊಟ್ಟು ದುಡ್ಡು ಪಡೆದು ಕಳಿಸಿದವರಿಗೆ ಮುಟ್ಟಿಸುವ ಅಂಚೆಯ ಏರ್ಪಾಡು, ಈ ದೇಶಕ್ಕೆ ಬಂದದ್ದು 1877ರಲ್ಲಿ. ಹಳೆಯ ಕನ್ನಡ ಮಾಸಪತ್ರಿಕೆಗಳ ಹಿಂದಿನ ಪುಟಗಳಲ್ಲಿ ತಲೆಗೂದಲಿನ ಎಣ್ಣೆ, ಫೌಂಟನ್ ಪೆನ್ನು, ತರಕಾರಿ ಬೀಜಗಳ ಜಾಹೀರಾತಿನ ಕೆಳಗೆ “ವಿ.ಪಿ.ಪಿ. ಮೂಲಕ ಕಳುಹಿಸಲಾಗುವುದು, ಅಂಚೆ ವೆಚ್ಚ ಪ್ರತ್ಯೇಕ” ಎಂಬ ಸಾಲು ಇರುತ್ತಿತ್ತು. ಮಾವ ಹುಡುಗರಾಗಿದ್ದಾಗ ಒಂದು ಕೈಗಡಿಯಾರಕ್ಕೆ ಕಾರ್ಡು ಬರೆದುಬಿಟ್ಟಿದ್ದರಂತೆ. ವಿ.ಪಿ. ಬಂದ ದಿನ ಅವರ ಅಪ್ಪ ಪೋಸ್ಟ್‌ಮ್ಯಾನನಿಗೆ ಎಲೆಯಡಿಕೆಯ ತಟ್ಟೆ ಕೊಟ್ಟು, ಗಡಿಯಾರವನ್ನು ಹಾಗೆಯೇ ಹಿಂದಕ್ಕೆ ಕಳಿಸಿದರಂತೆ. ಆ ಗಡಿಯಾರ ಕಳಿಸಿದ ಮನುಷ್ಯನಿಗೂ ಎಲ್ಲೋ ಒಂದು ತವರು ಪೆಟ್ಟಿಗೆ ಇದ್ದಿರಬೇಕು. ಎಪ್ಪತ್ತು ವರ್ಷ ತಡವಾಗಿ ನನ್ನ ಮಾವನ ಪರವಾಗಿ ನಾನು ಅವನ ಕ್ಷಮೆ ಕೇಳುತ್ತೇನೆ.

ಹಾಗೆಂದು ಮಳಿಗೆಯನ್ನು ಪೂರ್ತಿ ಬಿಟ್ಟಿಲ್ಲ. ಅದರಿಂದ ಆದ ಉಪಕಾರ ಎರಡು. ಲೇಬಲ್ಲಿನಲ್ಲಿ ತಯಾರಕರ ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರಿಗೆ ಫೋನ್ ನಂಬರ್ ಇವೆಲ್ಲ ಕಾನೂನಿನ ಪ್ರಕಾರ ಇರಬೇಕೆಂದು ಗೊತ್ತಿದ್ದರೂ ಉದಾಸೀನ ಮಾಡಿದ್ದೆ. ಅವರು ಫೋಟೊ ನೋಡಿ ಎರಡು ಸಲ ತಿರಸ್ಕರಿಸಿದ ಮೇಲೆ ಸರಿಪಡಿಸಿದೆ. ಎರಡನೆಯದು, ಅಲ್ಲಿ ಒಮ್ಮೆ ಕೊಂಡ ಹೈದರಾಬಾದಿನ ಒಂದು ಕನ್ನಡ ಕುಟುಂಬ ಲೇಬಲ್ ನೋಡಿ ನೇರವಾಗಿ ಫೋನ್ ಮಾಡಿತು. ಈಗ ಅವರು ವರ್ಷಕ್ಕೆ ಎರಡು ಸಲ ಅಂಚೆಯಲ್ಲಿ ತರಿಸಿಕೊಳ್ಳುತ್ತಾರೆ. ಮಳಿಗೆಯಲ್ಲಿ ಚಟ್ನಿ ಪುಡಿಯನ್ನು ಮಾತ್ರ ಉಳಿಸಿದ್ದೇನೆ, ಮುಂಗಡ ಹಣಕ್ಕೆ ಮಾತ್ರ. ಸೋರದು, ಒಡೆಯದು, ಗೋದಾಮಿನ ಬಿಸಿಗೆ ಹೆದರದು. ಬೇಡಿಕೆ ಮೂರರಲ್ಲಿ ಒಂದಕ್ಕೆ ಇಳಿಯಿತು, ವಾಪಸ್ ಬರುವುದು ನಿಂತಿತು.

ವಿದೇಶದ ಮಾತನ್ನು ಕೆಲವರು ಕೇಳುತ್ತಾರೆ. ಅಮೆರಿಕದಲ್ಲಿರುವ ನಮ್ಮವರಿಗೆ ಹಪ್ಪಳ ಕಳಿಸುವುದು ಅಂಚೆಯಲ್ಲಿ ಸಲೀಸಾಗಿತ್ತು. 2025ರ ಆಗಸ್ಟ್‌ನಲ್ಲಿ ಆ ದೇಶ ಸಣ್ಣ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು ತೆಗೆದುಹಾಕಿತು. ನಮ್ಮ ಅಂಚೆಯೂ ಅಲ್ಲಿಗೆ ಬುಕಿಂಗ್ ನಿಲ್ಲಿಸಬೇಕಾಯಿತು, ಮತ್ತೆ ಶುರುವಾದದ್ದು ಅಕ್ಟೋಬರ್ ಮಧ್ಯದಲ್ಲಿ, ಸುಂಕವನ್ನು ಇಲ್ಲೇ ಮುಂಗಡ ಕಟ್ಟುವ ಷರತ್ತಿನ ಮೇಲೆ. ಅಂದಿನಿಂದ ನಾನು ಅತ್ತ ಹೋಗಿಲ್ಲ. ರಜೆಗೆ ಊರಿಗೆ ಬಂದವರ ಸೂಟ್‌ಕೇಸೇ ಸದ್ಯಕ್ಕೆ ನನ್ನ ವಿಮಾನ ಅಂಚೆ.

ಹೊಸದಾಗಿ ಶುರುಮಾಡುವವರು ನನ್ನ ಈಗಿನ ಕ್ರಮ ಕೇಳಿದರೆ ಹೀಗೆ ಹೇಳುತ್ತೇನೆ. ಹಳ್ಳಿಯ ವಿಳಾಸವಾದರೆ ಕಣ್ಣು ಮುಚ್ಚಿ ಅಂಚೆ. ನಗರದ ವಿಳಾಸಕ್ಕೂ ಅಂಚೆಯೇ, ನಾಡಿದ್ದೇ ಬೇಕು ಎಂದು ಹಟ ಹಿಡಿದು ಹೆಚ್ಚಿನ ದುಡ್ಡು ಕೊಡುವವರಿಗೆ ಕೊರಿಯರ್. ಹಬ್ಬದ ಗುಂಪು ಬೇಡಿಕೆಗೆ, ತೊಡೆದೇವಿಗೆ ಬಸ್ಸು. ಯಾವ ದಾರಿಯಾದರೂ ಹಣ ಮೊದಲು, ಯುಪಿಐ ಬಂದ ಮೇಲೆ ಅದಕ್ಕೆ ನೆಪವೇ ಇಲ್ಲ. ಹಣ ಮೊದಲು ಕೊಟ್ಟವರು ಪೆಟ್ಟಿಗೆಯನ್ನು ಹುಡುಕಿಕೊಂಡು ಹೋಗುತ್ತಾರೆ, ಕೊಡದವರನ್ನು ಪೆಟ್ಟಿಗೆ ಹುಡುಕಿಕೊಂಡು ಅಲೆಯುತ್ತದೆ. ಕಳೆದ ವರ್ಷ ನನ್ನ ಪುಸ್ತಕದಲ್ಲಿ ವಾಪಸ್ ಎಂದು ಬರೆದದ್ದು ನಾಲ್ಕೇ ಸಲ. ಒಂದನ್ನು ಬರೆಯಬಾರದಿತ್ತೇನೋ: ಕೊಪ್ಪದ ಗೆಳತಿ ನಾನು ಕಳಿಸಿದ ಪೆಟ್ಟಿಗೆಯನ್ನೇ ತಿರುಗಿಸಿ ಕಟ್ಟಿ, ಒಳಗೆ ಅವಳ ತೋಟದ ಕಾಳುಮೆಣಸು ತುಂಬಿ ಕಳಿಸಿದ್ದಳು.

ಜೋನಿಬೆಲ್ಲ, ಅಂದರೆ ನೀರುಬೆಲ್ಲ, ಕಳಿಸುತ್ತೀರಾ ಎಂದು ವಾರಕ್ಕೆ ಇಬ್ಬರಾದರೂ ಕೇಳುತ್ತಾರೆ. ನಾಲ್ಕೂ ದಾರಿಯಲ್ಲಿ ನೋಡಿದ್ದೇನೆ. ಸೀಲು ಹಾಕಿದ ಬಾಟಲಿಯಲ್ಲಿ ಹುಳಿಯೇರಿ ಉಬ್ಬಿತು, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸೋರಿತು, ಬಸ್ಸಿನಲ್ಲಿ ಕಳಿಸಿದ್ದಕ್ಕೆ ಇರುವೆ ಮುತ್ತಿ, ಪಕ್ಕದಲ್ಲಿದ್ದ ಯಾರದ್ದೋ ಹೊಸ ಸೀರೆಯ ಗಂಟಿಗೂ ಹತ್ತಿ, ಸೀರೆಯ ದುಡ್ಡು ಕೊಡಬೇಕಾಯಿತು. ಬೇಕಾದವರು ಶಿರಸಿಗೆ ಬನ್ನಿ. ಬರುವಾಗ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯನ್ನು ನೀವೇ ತನ್ನಿ.